ಅಟ್ಟದಲ್ಲಿ ಸಿಕ್ಕ ಹಳೆಯ ರೈಫಲ್ ಕಾಡತೂಸುಗಳು: ಯಾವ ಕಾಲದವು, ಇಟ್ಟುಕೊಳ್ಳಬಹುದೇ?

ಪ್ರಶ್ನೆ (ಮೂಡಿಗೆರೆ): ಮಾನ್ಯರೇ, ನಮ್ಮ ಕಾಫಿ ತೋಟದ ಹಳೆಯ ಬಂಗಲೆಯ ಅಟ್ಟವನ್ನು ತೆರವುಗೊಳಿಸುವಾಗ, ತಗಡಿನ ಪೆಟ್ಟಿಗೆಯೊಂದರಲ್ಲಿ ಗುಂಡು ಸಹಿತವಾದ ಐದು ರೈಫಲ್ ಕಾಡತೂಸುಗಳು ದೊರೆತಿವೆ. ಮೂರು ಗಿಡ್ಡವಾಗಿ, ನೇರವಾಗಿವೆ. ಎರಡು ಉದ್ದವಾಗಿದ್ದು, ಮೇಲ್ಭಾಗದಲ್ಲಿ ಸೀಸೆಯ ಕತ್ತಿನಂತೆ ಕಿರಿದಾಗಿವೆ. ಎಲ್ಲವೂ ತೆಳುವಾದ ಹಿತ್ತಾಳೆ ಹಾಳೆಯನ್ನು ಸುರುಳಿ ಸುತ್ತಿ ಮಾಡಿದಂತಿದ್ದು, ಅಡಿಯ ಬಿಲ್ಲೆಗೆ ತುಕ್ಕು ಹಿಡಿದಿದೆ. ಇವುಗಳನ್ನು ಗುರುತಿಸುವುದು ಹೇಗೆ? ಹುಣಿಸೆಹಣ್ಣಿನಿಂದ ತಿಕ್ಕಿ, ನನ್ನ ನಾಣ್ಯಸಂಗ್ರಹದ ಜೊತೆ ಇಡಬಹುದೇ?

ಉತ್ತರ (ಹಾಸನ): ಸುರುಳಿ ಹಿತ್ತಾಳೆ ಮತ್ತು ಕಬ್ಬಿಣದ ಅಡಿಬಿಲ್ಲೆ ಬ್ರಿಟಿಷ್ ಸೇನೆಯ ಬಾಕ್ಸರ್ ಕಾಡತೂಸಿನ (ಬಾಕ್ಸರ್ ಎಂಬ ಅಧಿಕಾರಿ ರೂಪಿಸಿದ್ದು) ಲಕ್ಷಣಗಳು. ನೇರವಾದವು 1866ರಲ್ಲಿ ಸೇನೆ ಒಪ್ಪಿಕೊಂಡ ಸ್ನೈಡರ್ ರೈಫಲಿನವು ಇರಬೇಕು. ಅದರ ನಳಿಗೆಯ ಒಳವ್ಯಾಸ 0.577 ಇಂಚು. ಕತ್ತುಳ್ಳವು 1871ರ ಮಾರ್ಟಿನಿ-ಹೆನ್ರಿಯವು: ಬುಡ ದಪ್ಪ, ಗುಂಡು ಮಾತ್ರ 0.45 ಇಂಚಿನದು, ತೂಕ 480 ಗ್ರೇನ್ (ಸುಮಾರು 31 ಗ್ರಾಂ), ಅದರ ಹಿಂದೆ 85 ಗ್ರೇನ್ (ಸುಮಾರು 5.5 ಗ್ರಾಂ) ಕರಿಮದ್ದು. ಸುರುಳಿ ಕೋಶ (ಮದ್ದು ತುಂಬುವ ಹಿತ್ತಾಳೆ ಕೊಳವೆ) ಬಿಸಿಯಾದ ನಳಿಗೆಯಲ್ಲಿ ಸಿಕ್ಕಿ ಹರಿಯುತ್ತಿದ್ದುದರಿಂದ ಮುಂದೆ ಅದರ ಜಾಗಕ್ಕೆ ಒಂದೇ ತುಂಡಿನ ಗಟ್ಟಿ ಹಿತ್ತಾಳೆಯ ಕೋಶ ಬಂದಿತು. 1857ರ ದಂಗೆಯ ಬಳಿಕ ಭಾರತೀಯ ಸಿಪಾಯಿಗಳಿಗೆ ಗೋರಾ ಪಲ್ಟನ್ನುಗಳಿಗಿಂತ ಒಂದು ತಲೆಮಾರು ಹಿಂದಿನ ಕೋವಿಯನ್ನೇ ಕೊಡುತ್ತಿದ್ದರು. ಆದ್ದರಿಂದಲೇ ಇಲ್ಲಿ ಸ್ನೈಡರ್ ಬಹುಕಾಲ ಉಳಿಯಿತು. ತೋಟಗಳ ದೊರೆಗಳು ಸೇರುತ್ತಿದ್ದ ಕೂರ್ಗ್ ಅಂಡ್ ಮೈಸೂರ್ ರೈಫಲ್ಸ್ ಎಂಬ ಸ್ವಯಂಸೇವಕ ದಳದ ಮೂಲಕ ಇವು ಬಂಗಲೆಗೆ ಬಂದಿರಬಹುದು ಎಂಬುದು ನನ್ನ ಊಹೆಯಷ್ಟೆ.

ಉತ್ತರ (ಸಕಲೇಶಪುರ): ಇಟ್ಟುಕೊಳ್ಳುವ ಮಾತು ಆಮೇಲೆ. 1959ರ ಆಯುಧ ಕಾಯ್ದೆಯ 45ನೆಯ ಕಲಮು ಬಳಸಲು ಬಾರದ ಪುರಾತನ ಆಯುಧಗಳಿಗೆ ವಿನಾಯಿತಿ ನೀಡುತ್ತದೆ; ಮದ್ದು ಮತ್ತು ಕೇಪು (ಹೊಡೆತಕ್ಕೆ ಸಿಡಿದು ಮದ್ದಿಗೆ ಕಿಡಿ ಹಚ್ಚುವ ಚಿಕ್ಕ ಟೋಪಿ) ಸಹಿತವಾದ ಇಡೀ ಕಾಡತೂಸಿಗೆ ಆ ರಕ್ಷಣೆ ಸಿಗುತ್ತದೆಂದು ನಂಬಬೇಡಿ. ನನ್ನಂತೆ ನಿಮ್ಮಲ್ಲೂ ಹನ್ನೆರಡು ಬೋರಿನ ಕೋವಿಯ ಪರವಾನಗಿ ಇರಬಹುದು (ಚುನಾವಣೆ ಬಂದಾಗಲೆಲ್ಲ ಠಾಣೆಗೆ ಒಪ್ಪಿಸುವ ಅದೇ ಕೋವಿ), ಆದರೆ ಅದು ಈ ರೈಫಲ್ ಗುಂಡುಗಳಿಗೆ ಅನ್ವಯಿಸದು. ಠಾಣೆಗೆ ಫೋನ್ ಮಾಡಿ ತಿಳಿಸಿರಿ. ಜೀಪಿನಲ್ಲಿ ಹಾಕಿಕೊಂಡು ನೀವೇ ಒಯ್ಯಬೇಡಿ.

ಉತ್ತರ (ಚಿಕ್ಕಮಗಳೂರು): ತಿಕ್ಕುವ ಯೋಚನೆಯನ್ನು ದಯವಿಟ್ಟು ಬಿಡಿ. ಹುಣಿಸೆಯ ಹುಳಿ ಈ ತೆಳುವಾದ ಹಾಳೆಯನ್ನು ತಿನ್ನುತ್ತದೆ, ಸಂಗ್ರಾಹಕರು ಬೆಲೆ ಕೊಡುವ ಹಳೆಯ ಬಣ್ಣವೂ ಹೋಗುತ್ತದೆ. ಗುಂಡನ್ನು ಕಿತ್ತು ಮದ್ದು ಸುರಿಯಲು ಹೋಗುವುದು ಇನ್ನೂ ಅಪಾಯ: ಒಣಗಿದ ಕರಿಮದ್ದು ನೂರೈವತ್ತು ವರ್ಷಗಳ ನಂತರವೂ ಕಿಡಿಗೆ ಹತ್ತಿಕೊಳ್ಳುತ್ತದೆ, ಕೇಪಿನಲ್ಲಿರುವ ಪಾದರಸದ ಫಲ್ಮಿನೇಟ್ ಎಂಬ ಸ್ಫೋಟಕ ಹೊಡೆತ ಬಿದ್ದರೆ ಸಿಡಿಯಬಹುದು. ಸೀಸದ ಗುಂಡಿನ ಮೇಲೆ ಬಿಳಿಯ ಪುಡಿ ಕಂಡರೆ ಅದು ವಿಷ. ಮುಟ್ಟಿದ್ದರೆ ಕೈ ತೊಳೆದುಕೊಳ್ಳಿ. ಪೊಲೀಸರು ಬರುವವರೆಗೆ ಪೆಟ್ಟಿಗೆಯನ್ನು ಕದಲಿಸದೆ, ಬೆಂಕಿ ಮತ್ತು ಮಕ್ಕಳು ಅದರ ಬಳಿ ಬಾರದಂತೆ ನೋಡಿಕೊಂಡು, ಅಳತೆಪಟ್ಟಿಯನ್ನು ಪಕ್ಕದಲ್ಲಿಟ್ಟು ಚಿತ್ರ ತೆಗೆದುಕೊಳ್ಳಿ. ಸಂಗ್ರಹ ಬೆಳೆಸುವ ಆಸೆಯಿದ್ದರೆ ಮದ್ದು, ಕೇಪು ಎರಡೂ ಇಲ್ಲದ ಖಾಲಿ ಕೋಶಗಳ ಬಗ್ಗೆ ಜಿಲ್ಲಾಧಿಕಾರಿಗಳ ಕಚೇರಿಯ ಆಯುಧ ಪರವಾನಗಿ ವಿಭಾಗದಲ್ಲಿ ಲಿಖಿತವಾಗಿ ಕೇಳಿ.