ಕೆಲಸ ಮುಗಿದರೂ ಥ್ರೆಡ್ ಸಾಯುತ್ತಿಲ್ಲ, ಏನು ಮಾಡಲಿ?

ಜಾವಾಜೋಗಿ:
ನಮ್ಮದು ಜಾವಾ 8, ಟಾಮ್‌ಕ್ಯಾಟ್ ವೆಬ್ ಸರ್ವರ್. ಒಳಗಿಂದ ಇನ್ನೊಂದು ಸರ್ವರ್‌ಗೆ ಎಚ್‌ಟಿಟಿಪಿ ಕರೆ ಹೋಗುತ್ತದೆ, ನಡುವೆ ಫೈರ್‌ವಾಲ್ ಇದೆ. ಬೆಳಿಗ್ಗೆ ಎಲ್ಲ ಸರಿ. ಸಂಜೆ ಹೊತ್ತಿಗೆ ಸೈಟ್ ನಿಂತುಬಿಡುತ್ತದೆ, ಸಿಪಿಯು ನೋಡಿದರೆ 3 ಪರ್ಸೆಂಟೂ ಇಲ್ಲ. ಮ್ಯಾಕ್ಸ್‌ಥ್ರೆಡ್ಸ್ (ಬಂದ ರಿಕ್ವೆಸ್ಟ್ ನೋಡಿಕೊಳ್ಳೋ ಥ್ರೆಡ್‌ಗಳು, ಅಂದರೆ ಕೆಲಸದ ಎಳೆಗಳು, ಒಮ್ಮೆಗೆ ಎಷ್ಟಿರಬಹುದು ಅನ್ನೋ ಮಿತಿ) ಡಿಫಾಲ್ಟ್ 200 ಇತ್ತು. 400 ಮಾಡಿ ನೋಡಿದೆ, ಅದೂ ತುಂಬಿತು, ಸ್ವಲ್ಪ ತಡವಾಗಿ ಅಷ್ಟೇ; ಮತ್ತೆ 200ಕ್ಕೇ ತಂದೆ. ಜೆಸ್ಟ್ಯಾಕ್ (ಪ್ರತಿ ಥ್ರೆಡ್ ಈಗ ಏನು ಮಾಡ್ತಿದೆ ಅಂತ ತೋರಿಸೋ ಟೂಲ್) ತೆಗೆದರೆ ಎಲ್ಲವೂ ರನ್ನಬಲ್, ಅಂದರೆ ಓಡ್ತಾ ಇದೆ, ಅಂತ ಬರುತ್ತದೆ. ಓಡ್ತಾ ಇದ್ದರೆ ಸಿಪಿಯು ಯಾಕೆ ಏರಲ್ಲ? ಈಗ ದಿನಾ ರಾತ್ರಿ ರೀಸ್ಟಾರ್ಟ್ ಮಾಡಿ ಮಾನ ಉಳಿಸಿಕೊಳ್ಳುತ್ತಿದ್ದೇನೆ.

ಹಳೇಸರ್ವರ್:
ರನ್ನಬಲ್ ಅನ್ನೋದನ್ನ ನಂಬಬೇಡಿ. ಥ್ರೆಡ್ ನೇಟಿವ್ ಕೋಡ್ (ಜಾವಾ ಅಲ್ಲದ ಕೆಳಹಂತದ ಕೋಡ್) ಒಳಗೆ ಉತ್ತರಕ್ಕೆ ಕಾದು ಕೂತಿದ್ದರೂ ಜೆವಿಎಂ (ಜಾವಾ ಓಡಿಸೋ ಎಂಜಿನ್) ಹಾಗೇ ತೋರಿಸುತ್ತದೆ. ಹತ್ತತ್ತು ಸೆಕೆಂಡ್ ಬಿಟ್ಟು ಮೂರು ಸಲ ಜೆಸ್ಟ್ಯಾಕ್ ತೆಗೆಯಿರಿ. ಮೂರರಲ್ಲೂ ಅದೇ ಥ್ರೆಡ್, ಮೇಲಿನ ಸಾಲಲ್ಲಿ ಅದೇ ಸಾಕೆಟ್‌ರೀಡ್0 (ನೆಟ್‌ವರ್ಕ್‌ನಿಂದ ಡೇಟಾ ಬರಲಿ ಅಂತ ಕಾಯೋ ಕರೆ) ಇದ್ದರೆ ಕಳ್ಳ ಸಿಕ್ಕಿದ ಹಾಗೆ.

ನನ್ನ ಅನುಮಾನ ಫೈರ್‌ವಾಲ್ ಮೇಲೆ. ಸ್ವಲ್ಪ ಹೊತ್ತು ಡೇಟಾ ಓಡಾಡದಿದ್ದರೆ ಅದು ಕನೆಕ್ಷನ್ನನ್ನು ತನ್ನ ಪಟ್ಟಿಯಿಂದ ಕಿತ್ತುಹಾಕುತ್ತದೆ, ಯಾರಿಗೂ ಹೇಳಲ್ಲ. ಕನೆಕ್ಷನ್ ಮುಗೀತು ಅಂತ ತಿಳಿಸೋ ಫಿನ್ ಇಲ್ಲ, ರೀಸೆಟ್ ಇಲ್ಲ. ಎಚ್‌ಟಿಟಿಪಿ ಕರೆ ಮಾಡೋ ಜಾವಾದ ಎಚ್‌ಟಿಟಿಪಿಯುಆರ್‌ಎಲ್‌ಕನೆಕ್ಷನ್‌ನಲ್ಲಿ ರೀಡ್ ಟೈಮ್‌ಔಟ್ ಡಿಫಾಲ್ಟ್ 0, ಅಂದರೆ ಪ್ರಳಯ ಆಗೋವರೆಗೂ ಕಾಯೋದು. ಕೀಪ್‌ಅಲೈವ್ (ಆ ಕಡೆ ಬದುಕಿದೆಯಾ ಅಂತ ಪ್ರೋಬ್ ಕಳಿಸಿ ಕೇಳೋ ವ್ಯವಸ್ಥೆ) ಕಾಪಾಡುತ್ತದೆ ಅಂದ್ಕೋಬೇಡಿ. ಅದನ್ನ ಆನ್ ಮಾಡಿದ್ದರೂ ಲಿನಕ್ಸ್‌ನಲ್ಲಿ ಮೊದಲ ಪ್ರೋಬ್ 7200 ಸೆಕೆಂಡ್ ಆದ ಮೇಲೆ, ಆಮೇಲೆ 75 ಸೆಕೆಂಡಿಗೊಂದರಂತೆ 9. ಅಲ್ಲಿಗೆ 2 ಗಂಟೆ 11 ನಿಮಿಷ.

ಜಾವಾಜೋಗಿ:
ನೋಡಿದೆ. 200ರಲ್ಲಿ 187 ಸಾಕೆಟ್‌ರೀಡ್0 ಮೇಲೇ ಕೂತಿವೆ! ಇವನ್ನ ರೀಸ್ಟಾರ್ಟ್ ಇಲ್ಲದೆ ಕೊಲ್ಲಕ್ಕಾಗಲ್ವಾ? ಇಂಟರಪ್ಟ್ ಮಾಡಿದೆ (ನಿಲ್ಲು ಅಂತ ಸೂಚನೆ ಕೊಟ್ಟೆ), ಅಲ್ಲಾಡಲಿಲ್ಲ.

ಬೈಟ್‌ಭಟ್ಟ:
ಅಲ್ಲಾಡಲ್ಲ. ಸಾಕೆಟ್ ರೀಡ್‌ನಲ್ಲಿ ಕೂತ ಮಾಮೂಲಿ ಥ್ರೆಡ್‌ಗೆ ಇಂಟರಪ್ಟ್ ಕೇಳಿಸೋದೇ ಇಲ್ಲ. ಬೇರೆ ಥ್ರೆಡ್‌ನಿಂದ ಆ ಸಾಕೆಟ್ಟನ್ನೇ (ಕನೆಕ್ಷನ್ನಿನ ನಮ್ಮ ಕಡೆಯ ತುದಿ) ಕ್ಲೋಸ್ ಮಾಡಿ, ಎಕ್ಸೆಪ್ಶನ್ ಬಿದ್ದು ಎದ್ದು ಬರುತ್ತದೆ. ಥ್ರೆಡ್ಡನ್ನು ಬಲವಂತವಾಗಿ ಕೊಲ್ಲೋ ಥ್ರೆಡ್ ಸ್ಟಾಪ್ ಮಾತ್ರ ಮುಟ್ಟಬೇಡಿ. ಡೇಟಾ ಕಾಯೋ ಲಾಕ್‌ಗಳು ಕೆಲಸದ ನಡುವೆಯೇ ಬಿಚ್ಚಿಕೊಂಡು ಡೇಟಾ ಕೆಡುತ್ತದೆ. ಜಾವಾ 1.2ರಿಂದಲೂ ಅದು ಬೇಡ ಅಂತಿದ್ದರು, 20ರಲ್ಲಿ ಕರೆದರೆ ಎಕ್ಸೆಪ್ಶನ್ನೇ ಎಸೆಯುತ್ತದೆ.

ಕನೆಕ್ಟ್ ಟೈಮ್‌ಔಟ್, ರೀಡ್ ಟೈಮ್‌ಔಟ್ ಎರಡೂ ಹಾಕಿ. ಆದರೆ ರೀಡ್ ಟೈಮ್‌ಔಟ್ ಲೆಕ್ಕ ಪ್ರತಿ ರೀಡ್‌ಗೂ ಹೊಸದಾಗಿ ಶುರು. 5 ಸೆಕೆಂಡ್ ಇಟ್ಟಿದ್ದೀರಿ, ಆ ಕಡೆಯವ 4 ಸೆಕೆಂಡಿಗೊಂದು ಬೈಟ್ ತೊಟ್ಟಿಕ್ಕಿಸಿದರೆ ಆ ಟೈಮ್‌ಔಟ್ ಯಾವತ್ತೂ ಆಗೋದೇ ಇಲ್ಲ. ಇಡೀ ಕರೆಗೆ ಬೇರೆ ಗಡುವು ಬೇಕು. ಇನ್ನೊಂದು, ನೀವು ಇಲ್ಲಿ ಕರೆ ಬಿಟ್ಟೆ ಅಂದಕೂಡಲೇ ಆ ಕಡೆ ಸರ್ವರ್‌ನ ಥ್ರೆಡ್ ನಿಲ್ಲಲ್ಲ, ಪಾಪ ಅದು ದುಡೀತಾನೇ ಇರುತ್ತದೆ. ಮೇಲೆ ನೀವು ರೀಟ್ರೈ ಮಾಡಿದರೆ ಅಲ್ಲಿ ಒಂದರ ಜಾಗದಲ್ಲಿ ಎರಡು. ಜಿಆರ್‌ಪಿಸಿಯಲ್ಲಿ (ಸರ್ವರ್‌ಗಳು ಒಂದನ್ನೊಂದು ಕರೆಯೋ ಇನ್ನೊಂದು ವಿಧಾನ) ಡೆಡ್‌ಲೈನ್ ಕೊಟ್ಟರೆ ಕರೆಯ ಜೊತೆಗೇ ಹೋಗುತ್ತದೆ, ಆದರೂ ಕ್ಯಾನ್ಸಲ್ ಆಯ್ತಾ ಅಂತ ಅಲ್ಲಿನ ಕೋಡ್ ತಾನೇ ನೋಡಿಕೊಳ್ಳಬೇಕು.

ಜಾವಾಜೋಗಿ:
5 ಸೆಕೆಂಡ್ ಹಾಕಿ ಎರಡು ದಿನ ಆಯ್ತು, ರೀಸ್ಟಾರ್ಟ್ ಇಲ್ಲ. ಈಗ ಆ ಕಡೆ ಟೀಮ್‌ನವರು ಫೋನ್ ಮಾಡಿ, ನಮ್ಮ ಒಂದು ರಿಪೋರ್ಟ್‌ಗೆ 40 ಸೆಕೆಂಡ್ ಬೇಕು, ನಡುವೆ ಯಾಕೆ ಕಟ್ ಮಾಡ್ತೀರಿ ಅಂತ ಕೇಳ್ತಿದ್ದಾರೆ.