ರಿಮೋಟ್ ಫೋಮ್ ವಿಮಾನಕ್ಕೆ ಅಗ್ಗದ ಕ್ಯಾಮೆರಾ: ವಿಡಿಯೊ ಜೆಲ್ಲಿಯಂತೆ ಅಲುಗುತ್ತಿದೆ, ಹೊಸದು ಕೊಳ್ಳಬೇಕಾ?

ಬ್ಯಾಣದಗಾಳಿ (ಶಿರಸಿ):
120 ಸೆಂ.ಮೀ. ರೆಕ್ಕೆಯ ಫೋಮ್ ಟ್ರೇನರ್ (ಕಲಿಯುವವರ ವಿಮಾನ), ಮೂತಿಯಲ್ಲಿ 1000 ಕೆವಿ (ವೋಲ್ಟಿಗೆ ನಿಮಿಷಕ್ಕೆ 1000 ಸುತ್ತು) ಮೋಟರ್, 3ಎಸ್ ಲೈಪೋ (ಮೂರು ಸೆಲ್ಲಿನ ಬ್ಯಾಟರಿ, 150 ಗ್ರಾಂ), ಹಾರುವ ತೂಕ 750 ಗ್ರಾಂ. ಅದರ ಮೇಲೆ 58 ಗ್ರಾಂನ ಆ್ಯಕ್ಷನ್ ಕ್ಯಾಮೆರಾ, ಮೂತಿಗೆ ಡಬಲ್ ಟೇಪ್ ಹಾಕಿ ಅಂಟಿಸಿದ್ದು. ಚಿತ್ರದಲ್ಲಿ ಅಡಕೆ ಮರಗಳೆಲ್ಲ ಹಾವಿನ ಹಾಗೆ ಬಳುಕುತ್ತವೆ. ಇಳಿಸುವಾಗ ಮೂತಿ ಕುಸಿಯುತ್ತದೆ. ಕೊನೆಯ ಫೈಲ್ ಒಮ್ಮೊಮ್ಮೆ ತೆರೆಯುವುದೇ ಇಲ್ಲ. 8 ಸಾವಿರದೊಳಗೆ ಯಾವುದು ಒಳ್ಳೆಯದು? 4ಕೆ ಬೇಕೇ ಬೇಕಾ? ಕಾರವಾರದ ಕಡಲತೀರದಲ್ಲೂ ಹಾರಿಸುವ ಯೋಚನೆ ಇದೆ.

ಬಾಲ್ಸಾಬ್ಲೇಡ್:
ಸ್ವಲ್ಪ ತಡೀರಿ, ಈಗಲೇ ದುಡ್ಡು ಬಿಚ್ಚಬೇಡಿ. ಬಳುಕು ಹೋಗದಿದ್ದರೆ 4ಕೆ ತಗೊಂಡರೂ ಅದೇ ಹಾವು, ಇನ್ನೂ ಸ್ಪಷ್ಟವಾಗಿ ಕಾಣುತ್ತದೆ ಅಷ್ಟೆ.

ಈ ಕ್ಯಾಮೆರಾಗಳ ಸೆನ್ಸರ್ ಇಡೀ ಚಿತ್ರವನ್ನು ಒಟ್ಟಿಗೆ ತೆಗೆಯುವುದಿಲ್ಲ, ಮೇಲಿಂದ ಕೆಳಕ್ಕೆ ಸಾಲು ಸಾಲಾಗಿ ಓದುತ್ತದೆ. ಓದಿ ಮುಗಿಸುವಷ್ಟರಲ್ಲಿ ಕ್ಯಾಮೆರಾ ನಾಲ್ಕು ಸಲ ನಡುಗಿದರೆ ಚಿತ್ರದಲ್ಲಿ ನಾಲ್ಕು ಅಲೆ. ಒಂದು ಫ್ರೇಮ್ ನಿಲ್ಲಿಸಿ ಅಲೆ ಎಣಿಸಿ. 30 ಫ್ರೇಮ್ ವಿಡಿಯೊದಲ್ಲಿ 4 ಅಲೆ ಇದ್ದರೆ ಸುಮಾರು 4×30, ಅಂದರೆ ಸೆಕೆಂಡಿಗೆ 120 ಕಂಪನ, ನಿಮಿಷಕ್ಕೆ 7200 ಸುತ್ತು. ನಿಮ್ಮ ಮೋಟರ್ ಹೆಚ್ಚುಕಡಿಮೆ ಅಷ್ಟೇ ವೇಗದಲ್ಲಿ ತಿರುಗುತ್ತದೆ. (ಕೆಲವು ಸೆನ್ಸರ್ ಇದಕ್ಕಿಂತ ಬೇಗ ಓದುತ್ತವೆ, ಹಾಗಾಗಿ ಇದು ಅಂದಾಜು ಲೆಕ್ಕ.)

ಖಚಿತ ಪರೀಕ್ಷೆ ಬೇಕೆಂದರೆ ಎತ್ತರದಲ್ಲಿ ಥ್ರಾಟಲ್ (ಮೋಟರ್ ವೇಗದ ಕಡ್ಡಿ) ಪೂರ್ತಿ ಇಳಿಸಿ ಹತ್ತು ಸೆಕೆಂಡ್ ತೇಲಿಸಿ. ಆಗ ಅಲೆ ಮಾಯವಾದರೆ ತಪ್ಪು ಪ್ರೊಪೆಲರ್ ಅಥವಾ ಮೋಟರಿನದು. ಹೋಗದಿದ್ದರೆ ಕ್ಯಾಮೆರಾ ಕೂರಿಸಿದ್ದು ಸಡಿಲ, ಇಲ್ಲವೇ ಗಾಳಿಗೆ ಯಾವುದೋ ತುಂಡು ಪಟಪಟ ಬಡಿಯುತ್ತಿದೆ.

ಪ್ರೊಪೆಲರಿನ ಎರಡೂ ಬದಿ ಸಮತೂಕವೇ ಎಂದು ನೋಡಲು ಅದನ್ನು ನಯವಾದ ಕಡ್ಡಿಗೆ ಸಿಕ್ಕಿಸಿ ಎರಡು ಲೋಟದ ಅಂಚಿನ ಮೇಲೆ ಇಡಿ. ಕೆಳಗೆ ವಾಲುವ ಅಲಗು ಭಾರ. ಅದರ ಬೆನ್ನನ್ನು 400ರ ಉಪ್ಪುಕಾಗದದಲ್ಲಿ ತಿಕ್ಕಿ, ಅಂಚು ಮುಟ್ಟಬೇಡಿ. ಅಡ್ಡ ಇಟ್ಟಾಗ ಸರಿಯಾಗಿ ನಿಂತು, ನೆಟ್ಟಗೆ ಇಟ್ಟಾಗ ತಿರುಗಿದರೆ ದೋಷ ಪ್ರೊಪೆಲರಿನ ನಡುಭಾಗದ್ದು. ಹಗುರವಾದ ಬದಿಗೆ ಒಂದು ಹನಿ ಅಂಟು ಸಾಕು.

ಕಾಳಿಅಳಿವೆ (ಕಾರವಾರ):
ಮೇಲಿನದಕ್ಕೆ ಒಂದು ಸೇರಿಕೆ. ಉರಿಬಿಸಿಲಲ್ಲಿ ಈ ಕ್ಯಾಮೆರಾಗಳು ಶಟರ್ ವೇಗವನ್ನು 1/3200 ಸೆಕೆಂಡಿನವರೆಗೂ ಏರಿಸುತ್ತವೆ. ಆಗ ಪ್ರತಿ ಸಾಲಿನ ನಡುಕವೂ ಚೂಪಾಗಿ ಅಚ್ಚಾಗುತ್ತದೆ. ಎನ್‌ಡಿ16 ಫಿಲ್ಟರ್ (ಲೆನ್ಸಿಗೆ ಹಾಕುವ ಕಪ್ಪು ಗಾಜು) ಬೆಳಕನ್ನು ಹದಿನಾರನೇ ಒಂದಕ್ಕೆ ಇಳಿಸುತ್ತದೆ, ಶಟರ್ 1/200ಕ್ಕೆ ಬರುತ್ತದೆ, ಸಣ್ಣ ನಡುಕ ಕಲಸಿ ಮಸುಕಾಗುತ್ತದೆ. ಮೋಡವಿದ್ದರೆ ತೆಗೆದುಬಿಡಿ.

ಮೂತಿ ಕುಸಿತಕ್ಕೆ ಕಾರಣ ತೂಕಕ್ಕಿಂತ ತೂಕ ಕೂತ ಜಾಗ. ಕ್ಯಾಮೆರಾ ಸಮತೋಲ ಬಿಂದುವಿಗಿಂತ 12 ಸೆಂ.ಮೀ. ಮುಂದಿದ್ದರೆ 58×12÷150, ಬ್ಯಾಟರಿಯನ್ನು 4.6 ಸೆಂ.ಮೀ. ಹಿಂದೆ ಸರಿಸಬೇಕು. ಟ್ರೇನರಿನಲ್ಲಿ ಅಷ್ಟು ಜಾಗ ಎಲ್ಲಿರುತ್ತದೆ? 10 ಗ್ರಾಂ ಕ್ಯಾಮೆರಾಗೆ 8 ಮಿ.ಮೀ. ಸರಿಸಿದರೆ ಮುಗಿಯಿತು.

ಅದಕ್ಕೇ ಕೊಳ್ಳುವುದೇ ಆದರೆ ರನ್‌ಕ್ಯಾಮ್ ಥಂಬ್ ಥರದ್ದು ನೋಡಿ. ಸುಮಾರು 10 ಗ್ರಾಂ, 1080ರಲ್ಲಿ 60 ಫ್ರೇಮ್. ಸ್ವಂತ ಬ್ಯಾಟರಿ ಇಲ್ಲ, ರಿಸೀವರಿನ ಖಾಲಿ ಕಿಂಡಿಯಿಂದ 5 ವೋಲ್ಟ್ ಸಾಕು. ಬಿಇಸಿ (ರಿಸೀವರಿಗೆ ಕರೆಂಟ್ ಕೊಡುವ ಭಾಗ) 6 ವೋಲ್ಟಿಗೆ ಇಟ್ಟಿಲ್ಲವೆಂದು ಮೊದಲು ಅಳೆದು ನೋಡಿ. ಜೈರೊ ದತ್ತಾಂಶ (ಕ್ಯಾಮೆರಾ ಎಷ್ಟು ಹೊರಳಿತೆಂಬ ಲೆಕ್ಕ) ಉಳಿಸುವುದರಿಂದ ಉಚಿತ ತಂತ್ರಾಂಶವಾದ ಜೈರೊಫ್ಲೊದಲ್ಲಿ ಆಮೇಲೆ ಸ್ಥಿರಗೊಳಿಸಬಹುದು. ಆದರೆ ಹಾಗೆ ಮಾಡುವ ದಿನ ಕಡು ಎನ್‌ಡಿ ಬೇಡ, ಮಸುಕನ್ನು ತಂತ್ರಾಂಶ ಅಳಿಸಲಾರದು. ಹಳೆಯ ಮೊಬಿಯಸ್ ಕ್ಯಾಮೆರಾ ಸಿಕ್ಕರೂ ತಳ್ಳಿಹಾಕಬೇಡಿ, 40 ಗ್ರಾಂ ಒಳಗಿದೆ.

ಮೂತಿ ಬಿಟ್ಟು ರೆಕ್ಕೆಯ ಮೇಲೆ, ಬುಡದಿಂದ 25–30 ಸೆಂ.ಮೀ. ಆಚೆ ಕೂರಿಸಿ. ಪ್ರೊಪೆಲರಿನ ಗಾಳಿಯೂ ತಾಗುವುದಿಲ್ಲ, ಅದರ ಬಾಗಿದ ನೆರಳೂ ಚಿತ್ರದ ನಡುವೆ ಬೀಳುವುದಿಲ್ಲ. ಇನ್ನೊಂದು ರೆಕ್ಕೆಗೆ ಅಷ್ಟೇ ದೂರದಲ್ಲಿ ಅಷ್ಟೇ ತೂಕದ ನಾಣ್ಯ. ಇಷ್ಟು ಹಗುರದ್ದಕ್ಕೆ ಮೆತ್ತನೆ ಸ್ಪಂಜ್ ಹಾಕಬೇಡಿ, ಅದೇ ಕುಣಿಯುತ್ತದೆ; 1 ಮಿ.ಮೀ. ಫೋಮ್ ಟೇಪ್ ಸಾಕು.

ಬಾಲ್ಸಾಬ್ಲೇಡ್:
ಫೈಲ್ ವಿಷಯ: ವಿಡಿಯೊದ ಸೂಚಿ (ಯಾವ ಫ್ರೇಮ್ ಎಲ್ಲಿದೆ ಎಂಬ ಪಟ್ಟಿ) ರೆಕಾರ್ಡಿಂಗ್ ನಿಲ್ಲಿಸಿದಾಗಲೇ ಬರೆಯುವುದು. ಇಳಿದ ಕೂಡಲೇ ಲೈಪೋ ಕಿತ್ತರೆ ಅಥವಾ ಕ್ಯಾಮೆರಾ ಬ್ಯಾಟರಿ ಸತ್ತರೆ ಆ ತುಂಡು ತೆರೆಯದು. ಮೊದಲು ಬಟನ್, ಆಮೇಲೆ ವಯರ್. ಮಧ್ಯದ ಫೈಲ್‌ಗಳೂ ಹಾಳಾದರೆ ಕಾರ್ಡ್ ನಕಲಿ ಇರಬಹುದು, ಕಾರ್ಡ್ ಪರೀಕ್ಷಿಸುವ ತಂತ್ರಾಂಶ ಎಚ್2ಟೆಸ್ಟ್‌ಡಬ್ಲ್ಯುನಲ್ಲಿ ಪೂರ್ತಿ ತುಂಬಿಸಿ ನೋಡಿ. ವೈಫೈ ಇರುವ ಕ್ಯಾಮೆರಾ ಆದರೆ ಹಾರಿಸುವ ಮೊದಲು ಅದನ್ನು ಆಫ್ ಮಾಡಿ, ನಿಮ್ಮ ರಿಸೀವರೂ 2.4 ಗಿಗಾಹರ್ಟ್ಸ್‌ನದೇ.

ಬ್ಯಾಣದಗಾಳಿ:
ತೇಲಿಸಿ ನೋಡಿದೆ. ಮೋಟರ್ ನಿಂತರೆ ಅಲೆ ಇಲ್ಲ, ಅರ್ಧ ಥ್ರಾಟಲ್‌ನಲ್ಲಿ 4, ಪೂರ್ತಿಯಲ್ಲಿ 5. ಪ್ರೊಪೆಲರ್ ಕಡ್ಡಿಗೆ ಹಾಕಿದರೆ ಒಂದು ಬದಿ ದಬಕ್ಕಂತ ಕೆಳಗೆ. ತಿಕ್ಕಿದ ಮೇಲೆ ಅರ್ಧ ಥ್ರಾಟಲ್‌ನಲ್ಲಿ ಮರಗಳು ನೆಟ್ಟಗಾದವು, ಪೂರ್ತಿಯಲ್ಲಿ ಮಾತ್ರ ಇನ್ನೂ ಸ್ವಲ್ಪ ನಡುಕ.

ಕಾಳಿಅಳಿವೆ:
ಉಳಿದದ್ದು ಮೋಟರಿನದೇ ಇರಬಹುದು. ಪ್ರೊಪೆಲರ್ ಬಿಚ್ಚಿ ಓಡಿಸಿ, ಬೆರಳಿಗೆ ಝುಂ ಅನ್ನಿಸಿದರೆ ಶಾಫ್ಟ್ ಬಾಗಿದೆ ಅಥವಾ ಕೊಲೆಟ್ (ಪ್ರೊಪೆಲರನ್ನು ಶಾಫ್ಟಿಗೆ ಹಿಡಿಯುವ ಬಿಗಿತುಂಡು) ಓರೆ ಕೂತಿದೆ. ಮೊದಲು ಕೊಲೆಟ್ ಸಡಿಲಿಸಿ ಅರ್ಧ ಸುತ್ತು ತಿರುಗಿಸಿ ಬಿಗಿಯಿರಿ.

ಕಾರವಾರಕ್ಕೆ ಬರುವ ಮುಂಚೆ ಡಿಜಿಟಲ್ ಸ್ಕೈ (ಸರ್ಕಾರದ ಡ್ರೋನ್ ಜಾಲತಾಣ) ನಕ್ಷೆ ತೆರೆದು ನೋಡಿ. ಅರ್ಗಾದಲ್ಲಿ ಕದಂಬ ನೌಕಾನೆಲೆ, ಆಚೆ ಕೈಗಾ ಅಣುಸ್ಥಾವರ. 2021ರ ಡ್ರೋನ್ ನಿಯಮದ ಪ್ರಕಾರ ಕೆಂಪು ವಲಯದಲ್ಲಿ ಕೇಂದ್ರ ಸರ್ಕಾರದ ಅನುಮತಿ ಇಲ್ಲದೆ ಹಾರಿಸುವಂತಿಲ್ಲ, ಅದರಲ್ಲೂ ಕ್ಯಾಮೆರಾ ಕಟ್ಟಿಕೊಂಡು ಅಂದರೆ ಕೇಳುವುದೇ ಬೇಡ. ಗದ್ದೆ ಕೊಯ್ಲಾದ ಮೇಲೆ ನಿಮ್ಮ ಶಿರಸಿ ಕಡೆಯೇ ಜಾಗ ಸಲೀಸು. ಕಡಲತೀರ ಸಿಕ್ಕರೂ ಬೆಳಿಗ್ಗೆಯೇ ಹಾರಿಸಿ, ಮಧ್ಯಾಹ್ನದ ಕಡಲಗಾಳಿಗೆ 750 ಗ್ರಾಂ ವಿಮಾನ ಮುಂದೆ ಹೋಗಲು ಒದ್ದಾಡುತ್ತದೆ. ಮರಳಲ್ಲಿ ಇಳಿದರೆ ಮೋಟರ್ ತಿರುಗಿಸಬೇಡಿ, ಮೊದಲು ಬ್ರಷ್‌ನಲ್ಲಿ ಕೊಡವಿ. ಮೋಟರಿನ ಅಯಸ್ಕಾಂತ ಅಲ್ಲಿನ ಕಪ್ಪು ಮರಳನ್ನು ಎಳೆದುಕೊಳ್ಳುತ್ತದೆ. ಲೆನ್ಸಿನ ಮೇಲಿನ ಉಪ್ಪನ್ನು ಒಣಬಟ್ಟೆಯಲ್ಲಿ ಉಜ್ಜಿದರೆ ಗೀರು, ಸಿಹಿನೀರಿನ ಒದ್ದೆ ಬಟ್ಟೆ ಬಳಸಿ.