ಬೇತ್ಲೆಹೇಮಿನಲ್ಲಿ ಒಂದೇ ದಿನ, ನಡುವೆ ಒಂದು ಮನೆಯ ಊಟ: ಹೋಗಿ ಬಂದವರು ಹೇಳಿ

ಪ್ರಶ್ನೆ

ಮುಂದಿನ ತಿಂಗಳು ಅಮ್ಮನ ಜೊತೆ ಪವಿತ್ರ ನಾಡಿನ ಯಾತ್ರೆಗೆ ಹೊರಟಿದ್ದೇನೆ. ಚರ್ಚಿನಿಂದ ಒಟ್ಟು 22 ಜನ. ಬೇತ್ಲೆಹೇಮಿಗೆ ಸಿಗುವುದು ಒಂದೇ ದಿನ. ಯೇಸು ಹುಟ್ಟಿದ ಗುಹೆ, ಮರಿಯಮ್ಮ ಮಗುವಿಗೆ ಹಾಲೂಡಿಸಿದರು ಅನ್ನುವ ಹಾಲಿನ ಗುಹೆ, ಕುರುಬರ ಹೊಲ, ಮಧ್ಯಾಹ್ನ ಅಲ್ಲಿನ ಕ್ರೈಸ್ತ ಕುಟುಂಬವೊಂದರ ಮನೆಯಲ್ಲಿ ಊಟ. ಸಂಜೆ ಯೆರಿಕೋ ಕೂಡ ಸೇರಿಸೋಣ ಅಂತ ಕೆಲವರು ಹೇಳುತ್ತಿದ್ದಾರೆ. ಅಮ್ಮನಿಗೆ 68 ವರ್ಷ, ಮಂಡಿ ನೋವಿದೆ. ಆ ಮನೆಯಲ್ಲಿ ಹೇಗೆ ನಡೆದುಕೊಳ್ಳಬೇಕು, ಏನು ತೆಗೆದುಕೊಂಡು ಹೋಗಬೇಕು, ಏನೂ ಗೊತ್ತಿಲ್ಲ. ತಿಳಿದವರು ಹೇಳಿ.

ಉತ್ತರ 1

ಮೊದಲು ಅಮ್ಮನವರ ಮಂಡಿ ವಿಷಯ. ಯೇಸು ಹುಟ್ಟಿದ ಗುಹೆಯ ಮೇಲೆ ಕಟ್ಟಿರುವ ಚರ್ಚಿನ ಬಾಗಿಲು ಸುಮಾರು 4 ಅಡಿ ಎತ್ತರ ಅಷ್ಟೇ. ಎಲ್ಲರೂ ಬಗ್ಗಿಯೇ ಒಳಗೆ ಹೋಗಬೇಕು. ಗುಹೆಗೆ ಇಳಿಯುವ ಮೆಟ್ಟಿಲು ಕಡಿದಾಗಿವೆ, ನುಣುಪಾಗಿ ಸವೆದಿವೆ. ಒಬ್ಬರು ಮುಂದೆ, ಒಬ್ಬರು ಹಿಂದೆ ಇದ್ದು ಇಳಿಸಿ. ಅಲ್ಲಿ ನೆಲದಲ್ಲಿ 14 ಮೂಲೆಗಳ ಬೆಳ್ಳಿಯ ನಕ್ಷತ್ರ ಇದೆ. ಜನ ಮಂಡಿಯೂರಿ ಅದನ್ನು ಮುಟ್ಟುತ್ತಾರೆ. ಅಮ್ಮನಿಗೆ ಆಗದಿದ್ದರೆ ಪಕ್ಕದಲ್ಲಿ ನಿಂತು ಪ್ರಾರ್ಥಿಸಲಿ, ಏನೂ ತೊಂದರೆಯಿಲ್ಲ.

ಕ್ಯೂ ಉದ್ದ ಇದ್ದರೆ ಬೇಜಾರು ಮಾಡಿಕೊಳ್ಳಬೇಡಿ, ಗೋಡೆಗಳ ಮೇಲ್ಭಾಗ ನೋಡಿ. 12ನೇ ಶತಮಾನದ ಮೊಸಾಯಿಕ್ ದೇವದೂತರು ಅಲ್ಲಿದ್ದಾರೆ. ಒಬ್ಬ ದೂತ ಗಾರೆಯ ಹಿಂದೆ ಮರೆಯಾಗಿದ್ದ. 2013ರಲ್ಲಿ ಶುರುವಾದ ರಿಪೇರಿಯಲ್ಲಿ ಹೊರಗೆ ಬಂದ.

ಪಾಸ್‌ಪೋರ್ಟ್ ಎಲ್ಲರ ಕೈಯಲ್ಲೇ ಇರಲಿ, ಹೋಟೆಲಿನಲ್ಲಿ ಬಿಡಬೇಡಿ. ಯೆರೂಸಲೇಮಿಗೆ ವಾಪಸ್ ಬರುವಾಗ ಇಸ್ರೇಲಿನ ಚೆಕ್‌ಪೋಸ್ಟ್‌ನಲ್ಲಿ ಕೇಳುತ್ತಾರೆ. ದಾರಿ ತೆರೆದಿದೆಯಾ ಅಂತ ಹಿಂದಿನ ರಾತ್ರಿಯೇ ವಿಚಾರಿಸಿ. ಭುಜ, ಮಂಡಿ ಮುಚ್ಚುವ ಬಟ್ಟೆ ಹಾಕಿಕೊಳ್ಳಿ.

ಉತ್ತರ 2

ನಾವು ಮಾಡಿದ ತಪ್ಪು ನೀವು ಮಾಡಬಾರದು ಅಂತ ಬರೆಯುತ್ತಿದ್ದೇನೆ. ಯೆರಿಕೋ ಬಿಟ್ಟುಬಿಡಿ.

2019ರಲ್ಲಿ ನಾವು ಹೋದಾಗ ಬೆಳಿಗ್ಗೆ ಮೂರು ಜಾಗ, ಊಟಕ್ಕೆ 45 ನಿಮಿಷ, ಆಮೇಲೆ ಯೆರಿಕೋ ಅಂತ ಇತ್ತು. ಗುಹೆಯ ಕ್ಯೂನಲ್ಲೇ ಒಂದೂವರೆ ಗಂಟೆ ಹೋಯಿತು. ಊಟಕ್ಕೆ ಪಕ್ಕದ ಊರು ಬೇತ್ ಸಾಹೂರಿನ ಮನೆ ಮುಟ್ಟಿದಾಗ ಎರಡು ಗಂಟೆ ದಾಟಿತ್ತು. ಆ ಮನೆಯ ಅಜ್ಜಿ ಬಾಗಿಲಲ್ಲೇ ನಿಂತಿದ್ದರು. ಮಕ್ಲೂಬೆ ಮಾಡಿದ್ದರು. ಕೋಳಿ, ಹುರಿದ ಬದನೆಕಾಯಿ, ಹೂಕೋಸು, ಅಕ್ಕಿ ಎಲ್ಲ ಪದರ ಪದರವಾಗಿ ಬೇಯಿಸಿ, ಪಾತ್ರೆಯನ್ನು ದೊಡ್ಡ ತಟ್ಟೆಯ ಮೇಲೆ ಬೋರಲು ಹಾಕುತ್ತಾರೆ. ಮಕ್ಲೂಬೆ ಅಂದರೇನೇ ಬೋರಲು ಹಾಕಿದ್ದು. ನಮ್ಮ ಕಣ್ಣೆದುರೇ ಬೋರಲು ಹಾಕಬೇಕು ಅಂತ ಅಜ್ಜಿ ಅಷ್ಟು ಹೊತ್ತು ಪಾತ್ರೆ ಮುಚ್ಚಿಟ್ಟು ಕಾದಿದ್ದರು. ಅರ್ಧ ತಿನ್ನುವಷ್ಟರಲ್ಲಿ ಬಸ್ಸಿನ ಹಾರನ್. ಏಲಕ್ಕಿ ಹಾಕಿದ ಕಾಫಿ ಒಲೆಯ ಮೇಲಿತ್ತು. ಒಬ್ಬರೂ ಕುಡಿಯಲಿಲ್ಲ. ನಾವು ಬಸ್ ಹತ್ತುವಾಗ ಅವರ ಮುಖ ನೋಡೋಕೆ ನನಗೆ ಧೈರ್ಯ ಬರಲಿಲ್ಲ. ಯೆರಿಕೋದಲ್ಲಿ ಏನು ನೋಡಿದಿರಿ ಅಂದರೆ, ಯೇಸುವನ್ನು ನೋಡೋಕೆ ಜಕ್ಕಾಯ ಹತ್ತಿದ ಮರ ಅಂತ ಕಿಟಕಿಯಿಂದ ತೋರಿಸಿದ ಒಂದು ಮರ, ಅಷ್ಟೇ.

2022ರಲ್ಲಿ ಮತ್ತೆ ಹೋದೆ. ಈ ಸಲ ಮೊದಲೇ ಹೇಳಿ ಗುಂಪನ್ನು ಮೂರು ಮನೆಗಳಿಗೆ ಹಂಚಿಸಿದೆವು. ನೀವೂ ಹಾಗೇ ಮಾಡಿ. 22 ಜನ ಒಂದೇ ಮನೆಗೆ ನುಗ್ಗಿದರೆ ಅದು ಹೋಟೆಲ್ ಊಟ ಆಗಿಬಿಡುತ್ತದೆ, ಮಾತೇ ಹುಟ್ಟುವುದಿಲ್ಲ.

ಮೂರು ಗಂಟೆ ಕೂತಿದ್ದೆವು. ಮನೆಯ ಯಜಮಾನರು ಆಲಿವ್ ಮರದಲ್ಲಿ ಗೋದಲಿಯ ಗೊಂಬೆ ಕೆತ್ತುವವರು. ಅವರು ಆರ್ಥೊಡಾಕ್ಸ್, ಹೆಂಡತಿ ಕ್ಯಾಥೊಲಿಕ್. ಮಕ್ಕಳಿಗೆ ಡಿಸೆಂಬರ್ 25ಕ್ಕೂ ಕ್ರಿಸ್ಮಸ್, ಜನವರಿ 7ಕ್ಕೂ ಕ್ರಿಸ್ಮಸ್. ಅರ್ಮೇನಿಯನ್ ಸ್ನೇಹಿತರ ಹಬ್ಬ ಜನವರಿ 19ಕ್ಕೆ ಬರುತ್ತದೆ, ಅದಕ್ಕೂ ಹೋಗುತ್ತಾರಂತೆ! ಆಮೇಲೆ ಯಜಮಾನರು ತಾವಾಗಿಯೇ ಒಂದು ಮಾತು ಹೇಳಿದರು. ನಾನು ಅವತ್ತು ಬೆಳಿಗ್ಗೆ ಯೆರೂಸಲೇಮಿನಿಂದ ಬಸ್ಸಿನಲ್ಲಿ ಆರಾಮಾಗಿ ಬಂದಿದ್ದೆ. ಹತ್ತು ಕಿಲೋಮೀಟರ್ ಆಸುಪಾಸಿನ ದಾರಿ. ಅವರು ವೆಸ್ಟ್ ಬ್ಯಾಂಕಿನ ಪ್ಯಾಲೆಸ್ಟೀನಿಯರು, ಹಾಗಾಗಿ ಯೆರೂಸಲೇಮಿನಲ್ಲಿರುವ ಯೇಸುವಿನ ಸಮಾಧಿಯ ಚರ್ಚಿಗೆ ಹೋಗೋಕೆ ಅವರಿಗೆ ಇಸ್ರೇಲಿನ ಪರ್ಮಿಟ್ ಬೇಕು. ಕೆಲವು ವರ್ಷ ಹೆಂಡತಿಗೆ ಸಿಗುತ್ತದೆ, ಗಂಡನಿಗೆ ಸಿಗುವುದಿಲ್ಲ. ಇದು 45 ನಿಮಿಷದಲ್ಲಿ ಯಾರೂ ಹೇಳುವ ಮಾತಲ್ಲ. ನೀವಾಗಿ ಕೆದಕಿ ಕೇಳಬೇಡಿ, ಹೇಳಿದರೆ ಕೇಳಿಸಿಕೊಳ್ಳಿ.

ಅಲ್ಲಿನ ಕ್ರೈಸ್ತರು ತಮ್ಮನ್ನು 'ಜೀವವುಳ್ಳ ಕಲ್ಲುಗಳು' ಅಂದುಕೊಳ್ಳುತ್ತಾರೆ. ಪೇತ್ರನ ಪತ್ರದಲ್ಲಿರುವ ಮಾತು ಅದು. ನಾವು ಅಷ್ಟು ದೂರ ಹೋಗಿ ಬರೀ ಕಲ್ಲು ಮುಟ್ಟಿ ಬರುತ್ತೇವೆ, ಅಲ್ವಾ?

ಮತ್ತೆ ಪ್ರಶ್ನೆ ಕೇಳಿದವರು

ಇದನ್ನು ಓದಿ ಮನಸ್ಸಿಗೆ ಹೇಗೋ ಆಯಿತು. ಆ ಮನೆಯವರಿಗೆ ಹಣ ಕೊಡಬಹುದಾ? ಬೇಜಾರು ಮಾಡಿಕೊಳ್ಳುತ್ತಾರಾ?

ಉತ್ತರ 3

ಊಟದ ದುಡ್ಡನ್ನು ಏರ್ಪಾಡು ಮಾಡಿದವರೇ ಕೊಡುತ್ತಾರಾ ಅಂತ ಮೊದಲು ಕೇಳಿ ತಿಳಿದುಕೊಳ್ಳಿ. ಇಲ್ಲದಿದ್ದರೆ ಗುಂಪಿನ ಪರವಾಗಿ ಒಬ್ಬರು ಶೆಕೆಲ್ (ಅಲ್ಲಿ ನಡೆಯುವ ಹಣ) ನೋಟುಗಳನ್ನು ಕವರಿನಲ್ಲಿ ಹಾಕಿ, ಹೊರಡುವಾಗ ಮನೆಯ ಹಿರಿಯರ ಕೈಗೆ ಕೊಡಿ. ಊಟದ ಮೇಜಿನ ಮೇಲೆ ಎಲ್ಲರೆದುರು ಇಡಬೇಡಿ. ಒಳಗೆ ಹೋಗುವಾಗ ಒಂದು ಸಿಹಿ ಡಬ್ಬಿ ಸಾಕು.

ಇದಕ್ಕಿಂತ ಜಾಸ್ತಿ ಸಹಾಯ ಆಗುವುದು ಅವರಿಂದ ಏನಾದರೂ ಕೊಂಡರೆ. ಜಪಸರ, ಗೋದಲಿ, ಶಿಲುಬೆ, ಎಲ್ಲ ಅಲ್ಲೇ ಕೆತ್ತುತ್ತಾರೆ. ಆ ಊರಿನ ಬದುಕು ನಿಂತಿರುವುದೇ ಯಾತ್ರಿಕರ ಮೇಲೆ. 2023ರ ಅಕ್ಟೋಬರಿನಲ್ಲಿ ಗಾಜಾ ಯುದ್ಧ ಶುರುವಾದ ಮೇಲೆ ಯಾತ್ರಿಕರು ಬರುವುದೇ ನಿಂತುಹೋಯಿತು. ಆ ವರ್ಷವೂ ಮುಂದಿನ ವರ್ಷವೂ ಚರ್ಚಿನ ಮುಂದಿನ ಚೌಕದಲ್ಲಿ ಕ್ರಿಸ್ಮಸ್ ಮರ ಕೂಡ ನಿಲ್ಲಿಸಲಿಲ್ಲ. ಹಾಗಾಗಿ ಚೌಕಾಸಿ ಮಾಡಬೇಡಿ, ದಯವಿಟ್ಟು.

ಬಡಿಸಿದ್ದು ಜಾಸ್ತಿ ಅನಿಸಿದರೆ ಎದೆಯ ಮೇಲೆ ಕೈಯಿಟ್ಟು 'ಶುಕ್ರನ್' ಅನ್ನಿ, ಅರಬ್ಬಿಯಲ್ಲಿ ಧನ್ಯವಾದ ಅಂತ. ಅವರಿಗೆ ಅರ್ಥವಾಗುತ್ತದೆ, ಆದರೂ ಇನ್ನೊಂದು ಸಲ ಬಡಿಸುತ್ತಾರೆ.

ಉತ್ತರ 4

ಒಂದೇ ಒಂದು ಸೇರಿಸುತ್ತೇನೆ. ಅವರು ಪ್ರಾರ್ಥಿಸುವಾಗ 'ಅಲ್ಲಾ' ಅನ್ನುವುದು ಕೇಳಿ ನಮ್ಮ ಗುಂಪಿನಲ್ಲಿ ಕೆಲವರು ಗಲಿಬಿಲಿಯಾದರು. ಅರಬ್ಬಿಯಲ್ಲಿ ದೇವರು ಅನ್ನೋಕೆ ಕ್ರೈಸ್ತರೂ ಅದೇ ಪದ ಬಳಸುತ್ತಾರೆ. ನಿಮ್ಮವರಿಗೆ ಮೊದಲೇ ಹೇಳಿಡಿ.

ಊಟಕ್ಕೆ ಮುಂಚೆ ಕರ್ತನ ಪ್ರಾರ್ಥನೆಯನ್ನು ಅವರು ಅರಬ್ಬಿಯಲ್ಲಿ, ನೀವು ಕನ್ನಡದಲ್ಲಿ, ಒಟ್ಟಿಗೇ ಹೇಳಿ. 'ಅಬಾನಾ' ಅಂತ ಶುರು ಮಾಡುತ್ತಾರೆ, ನಮ್ಮ ತಂದೆಯೇ ಅಂತ ಅರ್ಥ. ನಾವು ಹಾಗೆ ಹೇಳಿದಾಗ ಅವರದು ಬೇಗ ಮುಗಿಯಿತು. ನಮ್ಮದು ಮುಗಿಯುವವರೆಗೆ ಆ ಮನೆಯ ಚಿಕ್ಕ ಹುಡುಗಿ ಕಣ್ಣು ತೆರೆಯದೆ ನಿಂತೇ ಇದ್ದಳು.

ಪ್ರಶ್ನೆ ಕೇಳಿದವರು

ಎಲ್ಲವನ್ನೂ ಅಮ್ಮನಿಗೆ ಓದಿ ಹೇಳಿದೆ. ಯೆರಿಕೋ ಬೇಡ ಅಂತ ನಾಳೆ ಫಾದರ್ ಹತ್ತಿರ ಅಮ್ಮನೇ ಮಾತಾಡುತ್ತಾರಂತೆ. ಆ ಪಾತ್ರೆ ಬೋರಲು ಹಾಕುವಾಗ ಮುಂದೆ ನಿಲ್ಲಬೇಕಂತೆ.